ಉಬ್ಬಸ: ಹಾಸಿಗೆಗೆ ಹಣ, ಪಂಪಿಗೆ ಬರ

ದೀಪಾವಳಿ ಕಳೆದು ಚಳಿ ಕಾಲಿಟ್ಟಿತೆಂದರೆ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಏದುಸಿರು ಬಿಡುವವರು ಹೆಚ್ಚತೊಡಗುತ್ತಾರೆ. ಅನೇಕರು ಬರುವುದು ನಡುರಾತ್ರಿ ಅಥವಾ ಬೆಳಗಿನ ಜಾವದಲ್ಲಿ. 'ಇದ್ದಕ್ಕಿದ್ದಂತೆ ದಮ್ಮು ಎದ್ದಿತು' ಎಂದು ಮನೆಯವರು ವೈದ್ಯರಿಗೆ ಹೇಳುತ್ತಾರೆ. ಈ 'ಇದ್ದಕ್ಕಿದ್ದಂತೆ' ಎಂಬ ಮಾತೇ ಪರಿಶೀಲನೆಗೆ ಅರ್ಹವಾದುದು. ಉಬ್ಬಸವಾಗಲಿ, ಸಿಒಪಿಡಿ ಎಂದು ಕರೆಯಲಾಗುವ ದೀರ್ಘಕಾಲೀನ ಶ್ವಾಸಕೋಶ ರೋಗವಾಗಲಿ ಉಲ್ಬಣಿಸುವ ಮುನ್ನ ಬಹುತೇಕ ಸಂದರ್ಭಗಳಲ್ಲಿ ಮುನ್ಸೂಚನೆ ನೀಡುತ್ತದೆ. ಅದನ್ನು ಗುರುತಿಸಲು ರೋಗಿಗೆ ಕಲಿಸುವ ವ್ಯವಸ್ಥೆ ಮಾತ್ರ ನಮ್ಮಲ್ಲಿ ತೀರ ದುರ್ಬಲವಾಗಿದೆ.

ಇವೆರಡೂ ಒಂದೇ ರೋಗವಲ್ಲ. ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಉರಿಯೂತಕ್ಕೆ ಒಳಗಾಗಿರುತ್ತದೆ; ರೋಗಿ ಆರಾಮವಾಗಿ ಓಡಾಡಿಕೊಂಡಿರುವ ದಿನಗಳಲ್ಲಿಯೂ ಅದು ಒಳಗೊಳಗೇ ಉಳಿದಿರಬಹುದು. ನೆಗಡಿಯ ವೈರಾಣು, ಪಟಾಕಿಯ ಹೊಗೆ, ಹಾಸಿಗೆಯ ಧೂಳಿನಲ್ಲಿರುವ ನುಸಿ, ಕಾಂಗ್ರೆಸ್ ಗಿಡದ ಪರಾಗ, ಹೀಗೆ ಯಾವುದೋ ಒಂದು ತಗುಲಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ಸಿಒಪಿಡಿ ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದ ಕಾಯಿಲೆ. ಅದು ಉಲ್ಬಣಿಸಿದಾಗ ಒಳಗೆಳೆದ ಗಾಳಿ ಪೂರ್ತಿ ಹೊರಬರದೆ ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ಇದು ಬೀಡಿ ಸೇದುವ ಗಂಡಸರ ರೋಗವೆಂಬ ಭಾವನೆ ಸರಿಯಲ್ಲ. ಬೀಡಿ ಮುಟ್ಟದ ಎಷ್ಟೋ ಹೆಂಗಸರಿಗೆ ಒಲೆಯ ಹೊಗೆಯೇ ಈ ರೋಗವನ್ನು ತಂದಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅಡುಗೆಮನೆಗೆ ಗ್ಯಾಸ್ ಬಂದಿರಬಹುದು, ಆದರೆ ಸ್ನಾನದ ಹಂಡೆಯ ಕೆಳಗೆ ಅನೇಕ ಮನೆಗಳಲ್ಲಿ ಇಂದಿಗೂ ಸೌದೆಯೇ ಉರಿಯುತ್ತದೆ.

ಸಮಸ್ಯೆಯ ಗಾತ್ರ ಸಣ್ಣದಲ್ಲ. 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಂತೆ ಭಾರತದ ಸಿಒಪಿಡಿ ರೋಗಿಗಳು 1990ರಲ್ಲಿ 2.81 ಕೋಟಿ ಇದ್ದರೆ 2016ರಲ್ಲಿ 5.53 ಕೋಟಿ ಆಗಿದ್ದರು. ಉಬ್ಬಸದವರು ಮತ್ತೆ 3.79 ಕೋಟಿ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಮಕ್ಕಳ ಉಬ್ಬಸದ ಪ್ರಮಾಣ 1979ರಲ್ಲಿ ಶೇ 9ರಷ್ಟಿದ್ದುದು 1999ರಲ್ಲಿ ಶೇ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಎಣಿಕೆಯನ್ನು ಇಡೀ ನಗರಕ್ಕೆ ಅನ್ವಯಿಸಲಾಗದು, ನಿಜ. ಏರಿಕೆಯ ದಿಕ್ಕಂತೂ ಸ್ಪಷ್ಟ.

ಮುನ್ಸೂಚನೆಗಳನ್ನು ಗುರುತಿಸಲು ಯಾವ ಯಂತ್ರವೂ ಬೇಕಿಲ್ಲ. ರಾತ್ರಿ ಕೆಮ್ಮಿನಿಂದ ಎಚ್ಚರವಾಗುವುದು, ನಿತ್ಯ ಹತ್ತುತ್ತಿದ್ದ ಮೆಟ್ಟಿಲು ಭಾರವೆನಿಸುವುದು, ಕಫ ಹೆಚ್ಚಿ ಅದರ ಬಣ್ಣ ಹಳದಿ ಅಥವಾ ಹಸಿರಿಗೆ ತಿರುಗುವುದು. ಎಲ್ಲಕ್ಕಿಂತ ಮುಖ್ಯವಾದುದು, ತಕ್ಷಣ ಆರಾಮ ನೀಡುವ ಸಾಲ್ಬುಟಮಾಲ್ ಪಂಪನ್ನು ಪದೇ ಪದೇ ಕೈಗೆತ್ತಿಕೊಳ್ಳುವಂತಾಗುವುದು. ಈ ಪಂಪು ಸ್ನಾಯುವನ್ನು ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ. ಉಸಿರು ಹಗುರವಾಯಿತೆಂದು ರೋಗಿ ನಿಶ್ಚಿಂತನಾಗುತ್ತಾನೆ. ಒಳಗಿನ ಬೇಗುದಿ ಹಾಗೆಯೇ ಇರುತ್ತದೆ. ಬ್ರಿಟನ್ನಿನಲ್ಲಿ ಉಬ್ಬಸದ ಸಾವುಗಳನ್ನು ಕುರಿತು 2014ರಲ್ಲಿ ವರದಿಯೊಂದು ಹೊರಬಂತು. ಮೃತಪಟ್ಟವರಲ್ಲಿ ಇಂಥ ಪಂಪುಗಳ ಲೆಕ್ಕ ದೊರೆತವರ ಪೈಕಿ ಶೇ 39ರಷ್ಟು ಮಂದಿಗೆ ಹಿಂದಿನ ಒಂದೇ ವರ್ಷದಲ್ಲಿ 12ಕ್ಕೂ ಹೆಚ್ಚು ಪಂಪುಗಳನ್ನು ಬರೆದುಕೊಡಲಾಗಿತ್ತು. ವಯಸ್ಕರಾಗಲಿ ಹದಿಹರೆಯದವರಾಗಲಿ ಇದೊಂದನ್ನೇ ನೆಚ್ಚಿಕೊಳ್ಳಕೂಡದು, ಸ್ಟೀರಾಯ್ಡ್ ಇರುವ ಪಂಪು ಅಗತ್ಯ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 'ಜೀನಾ' 2019ರಲ್ಲಿ ಸ್ಪಷ್ಟಪಡಿಸಿತು. ನಮ್ಮಲ್ಲಾದರೋ ಪಂಪು ಹಿಡಿದರೆ ಚಟವಾಗುತ್ತದೆಂಬ ಭಯ, ಸ್ಟೀರಾಯ್ಡ್ ಎಂದೊಡನೆ ಮತ್ತೊಂದು ಭಯ. ಉಸಿರಿನೊಂದಿಗೆ ಒಳಸೇರುವ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆಯೆಂಬುದನ್ನು ಹೇಳುವಷ್ಟು ವ್ಯವಧಾನ ಹೊರರೋಗಿ ವಿಭಾಗದ ವೈದ್ಯರಿಗೆ ಎಲ್ಲಿದೆ? ಮೃಗಶಿರಾ ಮಳೆಯ ದಿನ ಹೈದರಾಬಾದಿನಲ್ಲಿ ಮೀನಿನ ಔಷಧಿಗಾಗಿ ಸಾಲು ನಿಲ್ಲುವವರನ್ನು ಹಳಿಯುವುದು ಸುಲಭ. ಒಮ್ಮೆ ನುಂಗಿ ಶಾಶ್ವತವಾಗಿ ಪಾರಾಗುವ ಆಸೆ ಅವರದು. ದಿನಾ ಪಂಪು ಎಳೆಯಬೇಕೆನ್ನುವ ವಿಜ್ಞಾನ ಆ ಆಸೆಗೆ ರುಚಿಸದು.

ಸಿಒಪಿಡಿಯಲ್ಲಿ ಒಂದೊಂದು ಉಲ್ಬಣವೂ ಉಸಿರಾಟದ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಬಲ್ಲುದು. ಮುಂದಿನ ಕೆಲವು ವಾರ ಹೃದಯಾಘಾತದ ಅಪಾಯವೂ ಹೆಚ್ಚು. ಒಮ್ಮೆ ಉಲ್ಬಣಿಸಿದವರಿಗೆ ಮರುಕಳಿಸುವ ಸಂಭವವೇ ಅಧಿಕ. ಇಂಥವರಿಗೆ ಆಮ್ಲಜನಕವನ್ನೂ ಅಳೆದೇ ಕೊಡಬೇಕು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತದ ಆಮ್ಲಜನಕವನ್ನು ಶೇ 88ರಿಂದ 92ರ ನಡುವೆ ಕಾಯ್ದುಕೊಂಡಾಗ, ಧಾರಾಳವಾಗಿ ಕೊಟ್ಟದ್ದಕ್ಕಿಂತ ಸಾವುಗಳು ಅರ್ಧಕ್ಕೂ ಕಡಿಮೆಯಾದವು. ನಮ್ಮ 108 ವಾಹನಗಳ ಸಿಬ್ಬಂದಿಗೆ ನಿರಂತರ ತರಬೇತಿ ಬೇಕಾದ ವಿಷಯವಿದು.

ಇನ್ನು ಹಣಕಾಸಿನ ಮಾತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಯೋಜನೆ ರೋಗಿ ಆಸ್ಪತ್ರೆಗೆ ದಾಖಲಾದರೆ ವೆಚ್ಚ ಭರಿಸುತ್ತದೆ. ಬಿಡುಗಡೆಯ ನಂತರ 15 ದಿನಗಳ ಔಷಧಿಯನ್ನೂ ಕೊಡುತ್ತದೆ. ಹದಿನಾರನೆಯ ದಿನದಿಂದ ಪಂಪು ಅವನ ಸ್ವಂತ ಹೊಣೆ. ಸರ್ಕಾರಿ ಆಸ್ಪತ್ರೆಯಲ್ಲಿ ದಾಸ್ತಾನಿದ್ದರೆ ಅದೃಷ್ಟ, ಇಲ್ಲದಿದ್ದರೆ ಔಷಧಿ ಅಂಗಡಿ. ಕೂಲಿಯವನು ಕೆಮ್ಮು ಕಡಿಮೆಯಾದೊಡನೆ ಪಂಪು ಕೊಳ್ಳುವುದನ್ನು ನಿಲ್ಲಿಸಿದರೆ ಅದನ್ನು ಅಜ್ಞಾನವೆನ್ನಲಾಗದು, ಅದು ಅವನ ಮನೆಯ ಬಜೆಟ್. ಸರ್ಕಾರದ ಬಜೆಟ್ ಆದರೂ ಇದಕ್ಕಿಂತ ದೂರ ನೋಡಬೇಡವೇ? ಆಡಳಿತದಲ್ಲಿ ಇದ್ದವರಿಗೆ ಕಾರಣ ಗೊತ್ತಿದೆ. ಮಂಜೂರಾದ ಕ್ಲೇಮುಗಳನ್ನು ಎಣಿಸಿ ಸದನದಲ್ಲಿ ಉತ್ತರ ಕೊಡಬಹುದು. ಆಸ್ಪತ್ರೆಗೆ ಬರುವ ಪ್ರಮೇಯವೇ ಒದಗದ ರೋಗಿಯನ್ನು ಯಾವ ಲೆಕ್ಕ ಶೀರ್ಷಿಕೆಯಲ್ಲಿ ತೋರಿಸುವುದು?

2023ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಈ ಎರಡೂ ರೋಗಗಳಿವೆ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡದ ಮಾತ್ರೆಯಂತೆಯೇ ಸ್ಟೀರಾಯ್ಡ್ ಪಂಪೂ ತಿಂಗಳು ತಿಂಗಳು ದೊರೆಯಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಯಾವ ಲಕ್ಷಣಕ್ಕೆ ಏನು ಮಾಡಬೇಕೆಂದು ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನು ಬಿಡುಗಡೆಯ ದಿನ ಕೊಡಲು ಖರ್ಚೇನೂ ಇಲ್ಲ. ಜೊತೆಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ತನ್ನ ಕ್ಲೇಮು ಕಡತಗಳಿಂದಲೇ ಒಂದು ಲೆಕ್ಕ ತೆಗೆಯಲಿ: ಉಸಿರಾಟದ ತೊಂದರೆಗೆ ಒಂದೇ ವರ್ಷದಲ್ಲಿ ಎರಡನೆಯ ಬಾರಿ ದಾಖಲಾದವರು ಪ್ರತಿ ತಾಲ್ಲೂಕಿನಲ್ಲಿ ಎಷ್ಟು, ಆ ಎರಡನೆಯ ದಾಖಲಾತಿಗೆ ತೆತ್ತ ಹಣದಲ್ಲಿ ಎಷ್ಟು ತಿಂಗಳ ಪಂಪು ಬರುತ್ತಿತ್ತು ಎಂದು.