ಸ್ಯಾಂಡ್‌ವಿಚ್: ಲಾಭವನ್ನು ನಿರ್ಧರಿಸುವುದು ತೇವಾಂಶ

ಬೇಕರಿ, ದರ್ಶಿನಿಗಳಿಗೂ ಮನೆಯ ಅಡುಗೆಮನೆಯಿಂದಲೇ ಸರಬರಾಜು ಮಾಡುವ ಸಣ್ಣ ಉದ್ಯಮಿಗಳಿಗೂ ಸ್ಯಾಂಡ್‌ವಿಚ್ ಅಲ್ಪ ಬಂಡವಾಳದ ತಿನಿಸು. ಆದರೆ ಬಿಸ್ಕತ್ತು, ಖಾರಾ ಮಿಕ್ಸ್ಚರ್‌ಗಳಂತೆ ಇದನ್ನು ದಾಸ್ತಾನು ಮಾಡಲಾಗದು. ತಲಾ 25 ರೂಪಾಯಿ ವೆಚ್ಚದಲ್ಲಿ 40 ಸ್ಯಾಂಡ್‌ವಿಚ್ ತಯಾರಿಸಿ 40 ರೂಪಾಯಿಯಂತೆ ಎಲ್ಲವನ್ನೂ ಮಾರಿದರೆ 600 ರೂಪಾಯಿ ಉಳಿಯುತ್ತದೆ. ಹತ್ತು ಮಾರಾಟವಾಗದಿದ್ದರೆ ಉಳಿಯುವುದು ಕೇವಲ 200.

ತೊಡಕು ಇರುವುದು ಪದಾರ್ಥಗಳ ಸ್ವಭಾವದಲ್ಲಿಯೇ. ಬೇಯಿಸಿದ ಆಲೂಗಡ್ಡೆ, ಚಟ್ನಿ, ಪನೀರುಗಳನ್ನು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಬೇಕು. 5ರಿಂದ 60 ಡಿಗ್ರಿಯ ನಡುವೆ ಸೂಕ್ಷ್ಮಾಣುಗಳು ವೇಗವಾಗಿ ವೃದ್ಧಿಸುತ್ತವೆ. ಬ್ರೆಡ್ಡಿನ ಗುಣ ಇದಕ್ಕೆ ವಿರುದ್ಧ. ಶೈತ್ಯಪೆಟ್ಟಿಗೆಯ ತಂಪಿನಲ್ಲಿ ಅದರ ಪಿಷ್ಟವು ಮತ್ತೆ ಹರಳುಗಟ್ಟುವುದರಿಂದ, ಹೊರಗಿಟ್ಟದ್ದಕ್ಕಿಂತ ಬೇಗನೆ ಬಿರುಸಾಗುತ್ತದೆ. ಬಿಸಿ ಮಾಡಿದಾಗ ಈ ಬಿರುಸು ಬಹುಮಟ್ಟಿಗೆ ಸಡಿಲಗೊಂಡು ಬ್ರೆಡ್ಡು ಮೆತ್ತಗಾಗುತ್ತದೆ.

ಮುಂಬಯಿಯ ಬೀದಿಬದಿ ವ್ಯಾಪಾರಿಗಳು ಈ ತೊಡಕಿಗೆ ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಬೆಣ್ಣೆ, ಹಸಿರು ಚಟ್ನಿ ಸವರಿದ ಬ್ರೆಡ್ಡಿನ ನಡುವೆ ಆಲೂಗಡ್ಡೆ, ಬೀಟ್‌ರೂಟ್, ಸೌತೆ, ಟೊಮೆಟೊ, ಈರುಳ್ಳಿಗಳನ್ನು ಜೋಡಿಸುವುದು, ಉದ್ದ ಹಿಡಿಯ ಇಕ್ಕಳದಂಥ ಅಚ್ಚಿನಲ್ಲಿಟ್ಟು ಕೆಂಡದ ಮೇಲೆ ಸುಡುವುದು, ಎಲ್ಲವೂ ಗಿರಾಕಿ ಕೇಳಿದ ನಂತರವೇ. ಹೀಗಾಗಿ ಸಿದ್ಧ ಸರಕು ಉಳಿಯುವ ಪ್ರಶ್ನೆಯೇ ಇಲ್ಲ. ಕರ್ನಾಟಕದ ಅಯ್ಯಂಗಾರ್ ಬೇಕರಿಗಳ ಮಸಾಲಾ ಟೋಸ್ಟಿನದೂ ಇದೇ ಜಾಣ್ಮೆ: ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿಯ ಮಸಾಲೆಯನ್ನು ಮೊದಲೇ ಬಾಡಿಸಿಟ್ಟರೆ ಅದರ ನೀರು ಇಂಗಿರುತ್ತದೆ, ಕಾವಲಿಯ ಮೇಲೆ ಸುಟ್ಟ ಬ್ರೆಡ್ಡಿಗೆ ಅದನ್ನು ಹರಡಿ ಕೊಟ್ಟರಾಯಿತು. ಜೊತೆಗೆ, ಬ್ರೆಡ್ಡು ಅವರದೇ ಒಲೆಯದು.

ಕಚೇರಿ, ಕಾಲೇಜುಗಳಿಗೆ ಪೊಟ್ಟಣ ಕಟ್ಟಿ ಕಳುಹಿಸುವವರಿಗೆ ಈ ಅನುಕೂಲವಿಲ್ಲ. ಅವರು ಮಕ್ಕಳ ಡಬ್ಬಿ ತುಂಬುವ ಗೃಹಿಣಿಯರ ಕ್ರಮವನ್ನು ಅನುಸರಿಸುವುದು ಲೇಸು. ಬೆಣ್ಣೆಯನ್ನು ಅಂಚಿನವರೆಗೂ ಸವರಬೇಕು; ಅದು ನೀರು ಬ್ರೆಡ್ಡಿಗಿಳಿಯದಂತೆ ತಡೆಯುವ ಪದರ, ಬರೀ ರುಚಿಗಾಗಿ ಅಲ್ಲ. ಇಲ್ಲಿ ಬೆಣ್ಣೆ ಉಳಿಸಹೊರಟವರು ಇಡೀ ಸ್ಯಾಂಡ್‌ವಿಚ್ಚನ್ನೇ ಕಳೆದುಕೊಳ್ಳುತ್ತಾರೆ. ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುವುದರಿಂದ ಅದನ್ನು ಕೊನೆಯಲ್ಲಿ ಉದುರಿಸಬೇಕು. ಟೊಮೆಟೊದ ತಿರುಳು, ಬೀಜಗಳನ್ನು ತೆಗೆಯಬೇಕು, ಚಟ್ನಿ ಗಟ್ಟಿಯಾಗಿರಬೇಕು.

ಮಯೊನೀಸ್ ಬಳಸುವವರು ಇನ್ನಷ್ಟು ಎಚ್ಚರ ವಹಿಸಬೇಕು. ಹಸಿಮೊಟ್ಟೆಯ ಮಯೊನೀಸನ್ನು ತೆಲಂಗಾಣವು 2024ರ ಅಕ್ಟೋಬರ್‌ನಲ್ಲಿಯೂ ತಮಿಳುನಾಡು 2025ರ ಏಪ್ರಿಲ್‌ನಲ್ಲಿಯೂ ಒಂದು ವರ್ಷದ ಅವಧಿಗೆ ನಿಷೇಧಿಸಿದವು. ಮೊಟ್ಟೆ ಬೆರೆತ ಮಯೊನೀಸ್ ಸವರಿದರೆ, ಒಳಗೆ ತರಕಾರಿಯೇ ತುಂಬಿದ್ದರೂ ಪೊಟ್ಟಣದ ಮೇಲೆ ಹಸಿರು ವೃತ್ತವನ್ನು ಮುದ್ರಿಸುವಂತಿಲ್ಲ. ಕಂದು ತ್ರಿಕೋನವನ್ನೇ ಹಾಕಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿಯ ಪ್ರಕಾರ ಪೊಟ್ಟಣದ ಮೇಲೆ ತಯಾರಿಕೆಯ ಇಲ್ಲವೆ ಪೊಟ್ಟಣ ಕಟ್ಟಿದ ದಿನಾಂಕವೂ ಬಳಕೆಯ ಕೊನೆಯ ದಿನಾಂಕವೂ ಇರಬೇಕು. ಮನೆಯಿಂದಲೇ ತಯಾರಿಸಿ ಮಾರುವವರೂ ಪ್ರಾಧಿಕಾರದ ನೋಂದಣಿ ಪಡೆಯುವುದು ಕಡ್ಡಾಯ.