ಆಯಿಲ್ ಕಪ್ಪಾದರೆ ಎಂಜಿನ್ ಸವೆಯಿತು ಎಂದಲ್ಲ

ಬೆಂಗಳೂರಿನ ಮೆಜೆಸ್ಟಿಕ್ ಕಡೆಯಿಂದ ಕಾಟನ್‌ಪೇಟೆ ಮುಖ್ಯರಸ್ತೆಗೆ ಇಳಿದ ಬೈಕು ಮೂರನೇ ಗೇರು ಕಾಣುವುದೇ ಅಪರೂಪ. ಗೂಡ್ಸ್ ಆಟೊಗಳ ಹಿಂದೆ ಹಾಫ್ ಕ್ಲಚ್ಚಿನಲ್ಲಿ ತೆವಳುತ್ತಾ, ಹಿಂದಿನ ಸೀಟಿನ ಮೇಲೆ ಸರಕಿನ ಮೂಟೆ ಹೊತ್ತು ದಿನ ಕಳೆಯುತ್ತದೆ. ಹೀಗೆ ದುಡಿಯುವ ಗಾಡಿಯ ಒಳಗೆ ಏನಾಗುತ್ತಿದೆ ಎಂದು ಎಂಜಿನ್ ಬಿಚ್ಚದೆ ತಿಳಿಯಲು ಇರುವ ಸುಲಭದ ದಾರಿ ಎಂದರೆ ಹಳೆಯ ಆಯಿಲ್ ನೋಡುವುದು. ಆದರೆ ಅದನ್ನು ನೋಡುವ ಬಗೆಯಲ್ಲೇ ಹಲವು ತಪ್ಪು ನಂಬಿಕೆಗಳು ಬೇರೂರಿವೆ.

ತಪ್ಪು ಕಲ್ಪನೆ 1: ಆಯಿಲ್ ಕಪ್ಪಾಗಿದ್ದರೆ ಎಂಜಿನ್ ಸವೆಯುತ್ತಿದೆ.

ವಾಸ್ತವ: ಪೆಟ್ರೋಲ್ ಉರಿದಾಗ ಬರುವ ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿರುವುದು ಆಯಿಲಿನ ಕೆಲಸ. ಅದಕ್ಕೆಂದೇ ಅದರಲ್ಲಿ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಇಂದಿನ ಬಹುಪಾಲು ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಹಾಗಾಗಿ ಕ್ಲಚ್ ಪ್ಲೇಟಿನ ಪುಡಿಯೂ ಅದಕ್ಕೇ ಸೇರುತ್ತದೆ. ಹಾಫ್ ಕ್ಲಚ್ಚಿನ ಓಡಾಟ ಹೆಚ್ಚಿದ್ದರೆ ಬಣ್ಣ ಇನ್ನೂ ಬೇಗ ಕಪ್ಪಾಗುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ತಯಾರಿಸಿದ ಜಾವಾ, ಎಜ್ಡಿಗಳ ಕಥೆ ಬೇರೆ. ಅವು ಟೂ ಸ್ಟ್ರೋಕ್ ಗಾಡಿಗಳು. ಎಂಜಿನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು, ಅದು ಉರಿದು ಹೊಗೆಯಾಗಿ ಹೋಗುತ್ತಿತ್ತು. ಕೆಳಗಿನಿಂದ ಇಳಿಸುತ್ತಿದ್ದದ್ದು ಗೇರ್ ಆಯಿಲ್ ಮಾತ್ರ. ಸಿಲಿಂಡರಿನ ಮಸಿ ಅದಕ್ಕೆ ಸೇರುತ್ತಿರಲಿಲ್ಲ. ಆ ಬಣ್ಣದ ಅಳತೆಯಲ್ಲಿ ಇಂದಿನ ಫೋರ್ ಸ್ಟ್ರೋಕ್ ಗಾಡಿಯ ಆಯಿಲನ್ನು ಅಳೆಯಬಾರದು.

ತಪ್ಪು ಕಲ್ಪನೆ 2: ಬೆರಳಲ್ಲಿ ಉಜ್ಜಿ ನೋಡಿದರೆ ಆಯಿಲಿನ ಸತ್ವ ತಿಳಿಯುತ್ತದೆ.

ವಾಸ್ತವ: 20ಡಬ್ಲ್ಯು-40 ಆಯಿಲ್ 40 ಡಿಗ್ರಿಯಲ್ಲಿ ಇದ್ದುದಕ್ಕಿಂತ 100 ಡಿಗ್ರಿಯಲ್ಲಿ ಹಲವು ಪಟ್ಟು ತೆಳುವಾಗುತ್ತದೆ. ಬಿಸಿ ಎಂಜಿನ್ನಿನಿಂದ ಇಳಿಸಿದ ಹೊಸ ಆಯಿಲೂ ಬೆರಳಿಗೆ ನೀರಾಗಿಯೇ ಕಾಣುತ್ತದೆ. ಬೆರಳು ಹೇಳಬಲ್ಲದ್ದು ತರಿತರಿ ಇದೆಯೇ ಎಂಬುದನ್ನಷ್ಟೆ. ಮೂಗು ಅದಕ್ಕಿಂತ ಉಪಯೋಗಿ. ಪೆಟ್ರೋಲ್ ವಾಸನೆ ಜೋರಾಗಿದ್ದು, ಆಯಿಲ್ ಮಟ್ಟವೂ ತಾನಾಗಿ ಏರಿದ್ದರೆ, ಕಾರ್ಬುರೇಟರ್ ಗಾಡಿಯಲ್ಲಿ ಫ್ಲೋಟ್ ಸೂಜಿ ಸೋರುತ್ತಿರಬಹುದು. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಆಯಿಲ್ ಬಿಟ್ಟು, ಕಾಗದವನ್ನು ಅಡ್ಡಲಾಗಿ ಇಟ್ಟು, ಮರುದಿನ ನೋಡಿ. ಬೂದುಬಣ್ಣ ನಡುವಿನಿಂದ ಹೊರಕ್ಕೆ ನಿಧಾನವಾಗಿ ಹರಡಿದ್ದರೆ ಮಸಿಯನ್ನು ತೇಲಿಸುವ ಶಕ್ತಿ ಇನ್ನೂ ಉಳಿದಿದೆ. ನಡುವೆ ಕಡುಗಪ್ಪು ಬೊಟ್ಟು ನಿಂತು, ಅಂಚು ಗೀಟೆಳೆದಂತಿದ್ದರೆ ಆ ಶಕ್ತಿ ಮುಗಿದಿದೆ. ಹನಿ ತಿಳಿಸುವುದು ಆಯಿಲಿನ ಸ್ಥಿತಿಯನ್ನು ಮಾತ್ರ, ಲೋಹದ ಸವೆತವನ್ನಲ್ಲ.

ತಪ್ಪು ಕಲ್ಪನೆ 3: ಲೋಹದ ಪುಡಿ ಕಂಡರೆ ಎಂಜಿನ್ ಬಿಚ್ಚಿಸುವ ಕಾಲ ಬಂತು.

ವಾಸ್ತವ: ಯಾವ ಪುಡಿ, ಎಷ್ಟು ದಪ್ಪ ಎಂಬುದು ಮುಖ್ಯ. ಡ್ರೈನ್ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದರ ಸುತ್ತ ಬೂದುಬಣ್ಣದ ನುಣ್ಣನೆ ಲೇಪ ಮೆತ್ತಿಕೊಂಡಿರುತ್ತದೆ. ಬೆರಳಿಗೆ ಒಂದಿಷ್ಟೂ ಚುಚ್ಚದ ಆ ಲೇಪ ಸಹಜ ಸವೆತದ್ದು. ಹೊಸ ಗಾಡಿಯ ಮೊದಲ ಸರ್ವಿಸಿನಲ್ಲಿ ಅದು ಹೆಚ್ಚೇ ಇರುತ್ತದೆ. ಅದನ್ನು ಹೊರಹಾಕಲೆಂದೇ ಮೊದಲ ಆಯಿಲನ್ನು ಬೇಗ ಬದಲಿಸುವುದು.

ಚಿಂತೆ ಮಾಡಬೇಕಾದ್ದು ಉಗುರಿಗೆ ಸಿಗುವ ಚೂರು, ಸಿಪ್ಪೆ, ಸೂಜಿಗಳಿಗೆ. ಹಳೆಯ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ. ಉಳಿದ ಚೂರುಗಳಿಗೆ ಬಟ್ಟೆಯ ಅಡಿಯಿಂದ ಅಯಸ್ಕಾಂತ ತೋರಿಸಿ. ಅದರ ಹಿಂದೆ ಸರಿದವು ಉಕ್ಕು, ಎಂದರೆ ಗೇರು, ಬೇರಿಂಗು, ಕ್ಯಾಮ್ ಚೈನಿನ ಕಡೆಯವು. ಸರಿಯದ ಬೆಳ್ಳಗಿನ ಚೂರು ಅಲ್ಯುಮಿನಿಯಂ. ಅದು ಪಿಸ್ಟನ್, ಹೆಡ್ ಅಥವಾ ಕೇಸಿನದು. ಹಳದಿ, ತಾಮ್ರ ಬಣ್ಣದ್ದಾದರೆ ಬುಷ್ಷುಗಳನ್ನು ಶಂಕಿಸಬೇಕು.

ತಪ್ಪು ಕಲ್ಪನೆ 4: ಕಣ್ಣಿಗೆ ಏನೂ ಕಾಣದಿದ್ದರೆ ಸವೆತವಿಲ್ಲ.

ವಾಸ್ತವ: ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳೇ ಹೆಚ್ಚು. 1940ರ ದಶಕದಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ರೈಲ್ವೆ ತನ್ನ ಡೀಸೆಲ್ ಎಂಜಿನ್ನುಗಳ ಆಯಿಲನ್ನು ಸ್ಪೆಕ್ಟ್ರೋಮೀಟರಿನಲ್ಲಿ ಪರೀಕ್ಷಿಸತೊಡಗಿದ್ದು ಇದಕ್ಕೇ. ಲ್ಯಾಬಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ, ತಾಮ್ರವನ್ನು ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂದು ಅಳೆಯುತ್ತಾರೆ. ಸಿಲಿಕಾನ್ ಏರಿದ್ದರೆ ಏರ್ ಫಿಲ್ಟರ್ ದಾಟಿ ರಸ್ತೆಯ ಧೂಳು ಒಳನುಗ್ಗಿರಬಹುದು. ಆದರೆ ಆ ಯಂತ್ರ ದೊಡ್ಡ ಚೂರುಗಳನ್ನು ಹಿಡಿಯುವುದಿಲ್ಲ, ಕಣ್ಣು ಸಣ್ಣವನ್ನು ಹಿಡಿಯುವುದಿಲ್ಲ. ಎರಡೂ ಬೇಕು. ಒಂದೇ ವರದಿಗಿಂತ, ಸರ್ವಿಸಿನಿಂದ ಸರ್ವಿಸಿಗೆ ಅಂಕಿ ಹೇಗೆ ಏರುತ್ತಿದೆ ಎಂಬುದನ್ನು ನಂಬಬೇಕು.

ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಕಾಗದದ ಆಯಿಲ್ ಫಿಲ್ಟರೇ ಇಲ್ಲ. ಜಾಲರಿಯೊಂದು, ತಿರುಗುತ್ತಾ ಕೊಳೆಯನ್ನು ಅಂಚಿಗೆ ಎಸೆಯುವ ಫಿಲ್ಟರ್ ಒಂದು. ಕ್ಲಚ್ ಕವರ್ ಬಿಚ್ಚುವ ಕೆಲಸ ಬಂದಾಗ ಇವೆರಡನ್ನೂ ತೆಗೆದು ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಆಯಿಲಿನಲ್ಲಿ ಕಾಣದ್ದು ಅಲ್ಲಿ ಕೂತಿರುತ್ತದೆ.

ತಪ್ಪು ಕಲ್ಪನೆ 5: ಆಯಿಲ್ ಬೆಳ್ಳಗಾದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ವಾಸ್ತವ: ಗಾಳಿಯಿಂದ ತಣಿಯುವ ಎಂಜಿನ್ನಿನಲ್ಲಿ ಗ್ಯಾಸ್ಕೆಟ್ ದಾಟಿ ಆಯಿಲಿಗೆ ಸೇರಲು ಕೂಲೆಂಟೇ ಇರುವುದಿಲ್ಲ. ಕಾಟನ್‌ಪೇಟೆಯಿಂದ ಚಿಕ್ಕಪೇಟೆಗೆ ಹೋಗಿ ನಿಲ್ಲಿಸುವಷ್ಟರ ಓಟಕ್ಕೆ ಆಯಿಲ್ ಪೂರ್ತಿ ಕಾಯುವುದಿಲ್ಲ. ಒಳಗಿನ ತೇವ ಆವಿಯಾಗದೆ ಮುಚ್ಚಳದ ಅಡಿಯಲ್ಲಿ ಕೆನೆಯಂತೆ ಕಟ್ಟುತ್ತದೆ. ಒಂದು ದೀರ್ಘ ಓಟಕ್ಕೆ ಅದು ಸಾಮಾನ್ಯವಾಗಿ ಹೋಗುತ್ತದೆ. ಆದರೆ ಇಡೀ ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ನುಗ್ಗಿದೆ ಎಂದೇ ಅರ್ಥ. ಮಳೆನೀರಲ್ಲಿ ಮುಳುಗಿದ ಗಾಡಿಯನ್ನು ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಲೇಬಾರದು. ಕೂಲೆಂಟ್ ಇರುವ ಗಾಡಿಯಲ್ಲಿ ವಾಟರ್ ಪಂಪಿನ ಸೀಲನ್ನೂ ನೋಡಿಸಬೇಕು.

ತಪ್ಪು ಕಲ್ಪನೆ 6: ಆಯಿಲ್ ಕಡಿಮೆ ಕಂಡರೆ ಪಿಸ್ಟನ್ ರಿಂಗ್ ಸವೆದಿದೆ.

ವಾಸ್ತವ: ಮೊದಲು ಅಳತೆ ಸರಿಯಾಗಿರಲಿ. ಸೈಡ್ ಸ್ಟ್ಯಾಂಡ್ ಮೇಲೆ ವಾಲಿದ ಗಾಡಿಯಲ್ಲಿ ಮಟ್ಟ ಸುಳ್ಳು ಹೇಳುತ್ತದೆ. ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಕೆಲ ನಿಮಿಷ ಎಂಜಿನ್ ಓಡಿಸಿ, ಆರಿಸಿ, ಎರಡು ಮೂರು ನಿಮಿಷ ಬಿಟ್ಟು ನೋಡಿ. ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿಯಬೇಕೇ, ಸುಮ್ಮನೆ ಇಳಿಬಿಡಬೇಕೇ ಎಂಬುದು ಗಾಡಿಯ ಕೈಪಿಡಿಯಲ್ಲಿದೆ. ಹೀಗೆ ಅಳೆದ ಮೇಲೂ ಪ್ರತಿಸಲ ಇಳಿಯುತ್ತಿದ್ದು, ಹೊರಗೆ ಸೋರಿಕೆ ಇಲ್ಲದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಗ ರಿಂಗು ಅಥವಾ ವಾಲ್ವ್ ಸೀಲಿನ ಮಾತು.

ಗಾಡಿ ನಂಬಿ ಬದುಕು ನಡೆಸುವವರಿಗೆ ಎಂಜಿನ್ ಬಿಚ್ಚಿಸುವ ಖರ್ಚು ಸಣ್ಣದಲ್ಲ. ಆದ್ದರಿಂದ ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಲ್ಲಿ. ಟ್ರೇ ಖಾಲಿ ಮಾಡುವ ಮುನ್ನ ಬೋಲ್ಟ್, ಜಾಲರಿ, ತಳದ ಗಸಿ ನೋಡಿ, ಕಿಲೋಮೀಟರ್ ಸಮೇತ ಬರೆದಿಡಿ, ಬೋಲ್ಟಿನ ಒಂದು ಫೋಟೊ ತೆಗೆದಿಡಿ. ಮುಂದಿನ ಸಲ ಹೋಲಿಸಲು ಅದು ಬೇಕು. ಆಮೇಲೆ ಆ ಆಯಿಲನ್ನು ಚರಂಡಿಗೆ ಸುರಿಯಲು ಬಿಡಬೇಡಿ. ಅದು ಅಪಾಯಕಾರಿ ತ್ಯಾಜ್ಯ. ಹಳೆ ಆಯಿಲ್ ಸಂಗ್ರಹಿಸಿ ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜನ್ನೇ ಆರಿಸಿಕೊಳ್ಳಿ.