ಎಬಿಎಸ್ ಇರುವ ಹೊಸ ಬೈಕ್‌ನಲ್ಲಿ ವ್ಹೀಲಿಂಗ್ ಸುರಕ್ಷಿತವೇ?

ಹೊಸ ಬೈಕ್, ಖಾಲಿ ರಸ್ತೆ, ಗಾಳಿಯಲ್ಲಿ ಮುಂದಿನ ಚಕ್ರ, ಹಿನ್ನೆಲೆಯಲ್ಲೊಂದು ಹಾಡು. ಇಂಥ ವಿಡಿಯೊ ನಿಮ್ಮ ವಾಟ್ಸ್ಯಾಪ್ ಗುಂಪಿಗೂ ಬಂದಿರಬಹುದು. ಇವುಗಳ ಜೊತೆ ಒಂದು ಮಾತು ಹರಿದಾಡುತ್ತದೆ: “ಈಗಿನ ಬೈಕ್‌ಗಳಲ್ಲಿ ಎಬಿಎಸ್, ಟ್ರಾಕ್ಷನ್ ಕಂಟ್ರೋಲ್ ಎಲ್ಲ ಇದೆ, ವ್ಹೀಲಿಂಗ್ ಮಾಡಿದರೂ ಬೀಳಲ್ಲ.” ಇದು ನಿಜವೇ? ನೋಡೋಣ.

ಚಕ್ರ ಏಕೆ ಮೇಲೇಳುತ್ತದೆ?

ಬೈಕನ್ನು ಮುಂದೆ ತಳ್ಳುವುದು ಹಿಂದಿನ ಟೈರ್. ಆ ತಳ್ಳುವ ಬಲ ಹುಟ್ಟುವುದು ನೆಲದ ಮಟ್ಟದಲ್ಲಿ. ಆದರೆ ಬೈಕ್ ಮತ್ತು ಸವಾರನ ಒಟ್ಟು ತೂಕದ ಕೇಂದ್ರ ಇರುವುದು ಅದಕ್ಕಿಂತ ಮೇಲೆ. ಹಾಗಾಗಿ ವೇಗ ಹೆಚ್ಚಿಸಿದಾಗಲೆಲ್ಲ ಭಾರ ಹಿಂದಕ್ಕೆ ಸರಿದು, ಮುಂದಿನ ಚಕ್ರ ಹಗುರವಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಪ್ರತಿ ಸೆಕೆಂಡಿಗೆ ಗಂಟೆಗೆ 35 ಕಿ.ಮೀ.ನಷ್ಟು ವೇಗ ಏರುವಂತಿದ್ದರೆ ಚಕ್ರ ನೆಲ ಬಿಡುತ್ತದೆ.

ಸಣ್ಣ ಬೈಕ್‌ಗೆ ಇಷ್ಟು ಬಲವಿಲ್ಲ. ಆದರೆ 399 ಸಿಸಿ, 46 ಪಿಎಸ್ ಶಕ್ತಿಯ ಕೆಟಿಎಂ 390 ಡ್ಯೂಕ್‌ನಂಥ ಬೈಕ್‌ನಲ್ಲಿ ಫಸ್ಟ್ ಗೇರ್‌ನಲ್ಲಿ ಆ್ಯಕ್ಸಿಲರೇಟರ್ ಜೋರಾಗಿ ತಿರುಗಿಸಿದರೆ ಸಾಕಾಗಬಹುದು. ಹಿಂದೆ ಒಬ್ಬರು ಕೂತಿದ್ದರೆ, ರಸ್ತೆ ಏರುಮುಖವಾಗಿದ್ದರೆ ಇನ್ನೂ ಸುಲಭ. ಅಂದರೆ ಬೇಕೆಂದು ಮಾಡದವರಿಗೂ ಇದು ಆಗಬಹುದು.

ಎಬಿಎಸ್ ಕಾಪಾಡುತ್ತದೆಯೇ?

ಇಲ್ಲ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದಷ್ಟೇ ಎಬಿಎಸ್ ಕೆಲಸ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ ಇದು ಕಡ್ಡಾಯ. ಆದರೆ ಸಿಂಗಲ್ ಚಾನೆಲ್ ಎಬಿಎಸ್ ಕೆಲಸ ಮಾಡುವುದು ಮುಂದಿನ ಚಕ್ರಕ್ಕೆ ಮಾತ್ರ. ಆ ಚಕ್ರವೇ ಗಾಳಿಯಲ್ಲಿದ್ದರೆ ಬ್ರೇಕ್ ಎಲ್ಲಿಂದ ಹಿಡಿಯಬೇಕು? ಮುಂದಿನ ಬ್ರೇಕೂ ಇಲ್ಲ, ಹ್ಯಾಂಡಲ್ ತಿರುಗಿಸಿದರೆ ಬೈಕ್ ತಿರುಗುವುದೂ ಇಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬೈಕ್ ಒಂದೇ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಷ್ಟರಲ್ಲಿ ಒಂದು ಮಗು ರಸ್ತೆ ದಾಟಲು ಬಂದರೆ?

ಟ್ರಾಕ್ಷನ್ ಕಂಟ್ರೋಲ್ ಇರುವುದು ಹಿಂದಿನ ಚಕ್ರ ಜಾರದಂತೆ ತಡೆಯಲು. ದುಬಾರಿ ಬೈಕ್‌ಗಳಲ್ಲಿರುವ ‘ವ್ಹೀಲಿ ಕಂಟ್ರೋಲ್’ ಕೂಡ ಚಕ್ರ ಮೇಲೇಳುವುದನ್ನು ತಗ್ಗಿಸಲು ಇರುವುದೇ ಹೊರತು ವ್ಹೀಲಿಂಗ್ ಕಲಿಸಲು ಅಲ್ಲ.

ಅಭ್ಯಾಸವಾದರೆ ಸಲೀಸೇ?

ಅಂಗೈ ಮೇಲೆ ಕೋಲು ನಿಲ್ಲಿಸಿ ನೋಡಿ. ವ್ಹೀಲಿಂಗ್‌ನಲ್ಲೂ ತೂಕದ ಕೇಂದ್ರ ಹಿಂದಿನ ಟೈರ್‌ನ ನೇರಕ್ಕೆ ಬಂದಾಗ ಸ್ಥಿತಿ ಹೀಗೇ. ಕೊಂಚ ಹೆಚ್ಚಾದರೆ ಬೈಕ್ ಹಿಂದಕ್ಕೆ ಮಗುಚುತ್ತದೆ, ತಲೆ ಮತ್ತು ಬೆನ್ನು ನೆಲಕ್ಕೆ ಬಡಿಯುತ್ತವೆ. ಚಕ್ರ ಸೊಟ್ಟಗೆ ಇಳಿದರೆ ಹ್ಯಾಂಡಲ್ ಅದುರಿ ಕೈ ತಪ್ಪುತ್ತದೆ. ಫೋರ್ಕ್ ಸೀಲ್, ಬೇರಿಂಗ್ ಹಾಳಾಗುವುದು ಬೇರೆ. ವೃತ್ತಿಪರ ಸ್ಟಂಟ್ ಸವಾರರು ಇದನ್ನು ಮಾಡುವುದು ಮುಚ್ಚಿದ ಜಾಗದಲ್ಲಿ, ರಕ್ಷಣಾ ಉಡುಪು ತೊಟ್ಟು.

ಅಕಸ್ಮಾತ್ ಚಕ್ರ ಎದ್ದರೆ?

ಗಾಬರಿಯಾಗಿ ಹ್ಯಾಂಡಲ್ ಎಳೆಯಬೇಡಿ, ಆಗ ಆ್ಯಕ್ಸಿಲರೇಟರ್ ಇನ್ನೂ ತಿರುಗುತ್ತದೆ. ಹ್ಯಾಂಡಲ್ ನೇರವಾಗಿಟ್ಟು, ಆ್ಯಕ್ಸಿಲರೇಟರ್ ಮೆಲ್ಲಗೆ ಇಳಿಸಿ. ಮುಂದಿನ ಬ್ರೇಕ್ ಮುಟ್ಟಬೇಡಿ. ತೀರಾ ಮೇಲೆದ್ದರೆ ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ.

ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184ರಂತೆ ಅಪಾಯಕಾರಿ ಚಾಲನೆಗೆ ಮೊದಲ ಬಾರಿ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂ. ದಂಡ, ಇಲ್ಲವೇ ಎರಡೂ. ಓಡಿಸಿದವರು 18 ವರ್ಷದೊಳಗಿನವರಾಗಿದ್ದರೆ ಸೆಕ್ಷನ್ 199ಎ ಪ್ರಕಾರ ಪೋಷಕರು ಅಥವಾ ವಾಹನದ ಮಾಲೀಕರೇ ಹೊಣೆ: 3 ವರ್ಷದವರೆಗೆ ಜೈಲು, 25,000 ರೂ. ದಂಡ. ಜೊತೆಗೆ 12 ತಿಂಗಳು ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಒಟ್ಟಿನಲ್ಲಿ

“ಎಬಿಎಸ್ ಇದ್ದರೆ ಬೀಳಲ್ಲ” ಎಂಬುದು ತಪ್ಪು. ವಿಡಿಯೊದಲ್ಲಿ ಕಾಣುವುದು ಬೀಳದ ಆ ಹತ್ತು ಸೆಕೆಂಡ್ ಮಾತ್ರ. ಮುಂದಿನ ಬಾರಿ ಇಂಥ ವಿಡಿಯೊ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ನಿಮ್ಮ ಮನೆಯಲ್ಲಿ ಹೊಸ ಬೈಕ್ ಕೊಂಡ ಮಗನೋ ತಮ್ಮನೋ ಇದ್ದರೆ, ಈ ಲೇಖನವನ್ನು ಅವರಿಗೆ ಕಳಿಸಿ.